ಹಂದಿಗೊಂದು ಬಾಣಂತನ

ನನ್ನ ಮಗಳು ಹುಟ್ಟಿದ ಚಳಿಗಾಲದಲ್ಲಿ ದೊಡ್ಡಮ್ಮನ ಅಡುಗೆಮನೆಯಲ್ಲಿ ದಿನಾ ಎರಡು ಪಾತ್ರೆಯಲ್ಲಿ ಬಾಣಂತಿ ಅನ್ನ ಬೇಯುತ್ತಿತ್ತು. ಚಿಕ್ಕ ಪಾತ್ರೆಯದು ನನಗೆ, ದೊಡ್ಡ ಪಾತ್ರೆಯದು ಹಿತ್ತಲಿನ ಹಂದಿಗೆ. ಎರಡರಲ್ಲೂ ಅದೇ ಬಿಳಿ ಅಕ್ಕಿ, ಅದೇ ಹದ, ಬೆರಳಲ್ಲಿ ಒತ್ತಿದರೆ ಬೆಣ್ಣೆಯಾಗಬೇಕು. ಎರಡಕ್ಕೂ ಕಾಳುಮೆಣಸು, ಎರಡಕ್ಕೂ ಸುಟ್ಟ ಬೆಳ್ಳುಳ್ಳಿ. ತುಪ್ಪ ಮಾತ್ರ ನನ್ನ ತಟ್ಟೆಗಷ್ಟೇ ಬೀಳುತ್ತಿತ್ತು. ಪರವಾಗಿಲ್ಲ, ನನಗೊಂದು ಚೂರು ಮರ್ಯಾದೆ ಜಾಸ್ತಿ ಇದೆ ಅಂತ ನಾನು ರೇಗಿಸಿದರೆ, "ಅದುಕ್ಕೆ ತುಪ್ಪ ಸೇರಾಕಿಲ್ಲ ಕಣೇ, ಮೂತಿ ತಿರುಗಿಸ್ತದೆ, ಇಲ್ಲಾಂದ್ರೆ ಹಾಕ್ತಿದ್ದೆ" ಅಂತ ದೊಡ್ಡಮ್ಮ ಗಂಭೀರವಾಗಿಯೇ ಹೇಳುತ್ತಿದ್ದಳು.

ದೊಡ್ಡಮ್ಮ ಅಂದರೆ ನನ್ನ ಅಮ್ಮನ ಅಕ್ಕ. ಅಮ್ಮನಿಗೆ ಆಗಷ್ಟೇ ಮಂಡಿ ಆಪರೇಷನ್ ಆಗಿತ್ತು. ಅವಳನ್ನು ನೋಡಿಕೊಳ್ಳುವುದಕ್ಕೇ ಒಬ್ಬರು ಬೇಕಾಗಿದ್ದಾಗ ನನ್ನ ಬಾಣಂತನ ದೊಡ್ಡಮ್ಮನ ಪಾಲಿಗೆ ಬಂತು. ಅವಳು ಅದಕ್ಕಾಗಿ ಕಾದು ಕೂತಿದ್ದಳು ಅಂತಲೇ ಹೇಳಬೇಕು. ಬಾಣಂತನದಲ್ಲಿ ನಮ್ಮ ಕಡೆಯಲ್ಲೆಲ್ಲ ಅವಳಿಗೆ ದೊಡ್ಡ ಹೆಸರು. ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಕಟ್ಟಿದ ಸ್ಕಾರ್ಫು, ಹಂಡೆಗಟ್ಟಲೆ ಬಿಸಿನೀರು, ಸಾಂಬ್ರಾಣಿ ಹೊಗೆ. ಸೊಪ್ಪು ಇಲ್ಲ, ತರಕಾರಿ ಇಲ್ಲ, ಕಾಳು ಅಂತೂ ಇಲ್ಲವೇ ಇಲ್ಲ. ನೀರು ಕೇಳಿದರೆ ಸಣ್ಣ ಲೋಟದಲ್ಲಿ ಅರ್ಧ. ಜಾಸ್ತಿ ಕುಡಿದರೆ ಹೊಟ್ಟೆ ಜೋತುಬೀಳುತ್ತದಂತೆ. ಡಾಕ್ಟರು ಬರೆದುಕೊಟ್ಟ ಚೀಟಿಯಲ್ಲಿ ಇದಕ್ಕೆಲ್ಲ ಉಲ್ಟಾ ಇತ್ತು. ಆ ಚೀಟಿಯನ್ನು ದೊಡ್ಡಮ್ಮ ದೇವರ ಫೋಟೋದ ಹಿಂದೆ ಭಕ್ತಿಯಿಂದ ಇಟ್ಟುಬಿಟ್ಟಿದ್ದಳು.

ಅವರ ಮನೆ ಬಾಗಲಗುಂಟೆ ದಾಟಿ ಹೆಸರಘಟ್ಟ ರಸ್ತೆಯಲ್ಲಿ ಇನ್ನೂ ಒಂದಿಷ್ಟು ಮುಂದೆ. ಸುತ್ತ ಇದ್ದ ಜಮೀನೆಲ್ಲ ಸೈಟುಗಳಾಗಿ ಬಾಡಿಗೆ ಮನೆಗಳು ಎದ್ದಿದ್ದವು, ಅದರಲ್ಲಿ ಕೆಲವು ಅವರದೇ. ಆದರೂ ಹಿತ್ತಲಿನ ತೋಟದ ಒಂದು ತುಂಡನ್ನು ದೊಡ್ಡಪ್ಪ ಉಳಿಸಿಕೊಂಡು ಅಲ್ಲಿ ಹಂದಿ ಶೆಡ್ಡು ಹಾಕಿದ್ದರು. ಅವರದು ಲಗೇಜ್ ಆಟೋ ಕೆಲಸ. ಹೋಟೆಲುಗಳಿಂದ, ಛತ್ರಗಳಿಂದ ಮಿಕ್ಕ ಅನ್ನ, ಇಡ್ಲಿ, ಪೂರಿ ಎಲ್ಲ ಡ್ರಮ್ಮಿನಲ್ಲಿ ತಂದು, ಕುದಿಸಿ ಹಾಕುತ್ತಿದ್ದರು. ದೊಡ್ಡಮ್ಮನಿಗೆ ಬೇರೆ ಹಂದಿಗಳು ಲೆಕ್ಕಕ್ಕೇ ಇರಲಿಲ್ಲ. ಇದೊಂದು ಹೆಣ್ಣು ಹಂದಿ ಅಂದರೆ ಪ್ರಾಣ. ಮರಿಯಾಗಿದ್ದಾಗ ಹುಷಾರು ತಪ್ಪಿ ಸಾಯುವಂತಾಗಿದ್ದನ್ನು ಅಡುಗೆಮನೆ ಮೂಲೆಯಲ್ಲಿ ಗೋಣಿಚೀಲದ ಮೇಲೆ ಮಲಗಿಸಿ ಉಳಿಸಿಕೊಂಡಿದ್ದಳು. ಅವಳ ದನಿ ಕೇಳಿದರೆ ಅದು ಎಲ್ಲಿದ್ದರೂ ಎದ್ದು ನಿಲ್ಲುತ್ತಿತ್ತು.

ಆ ಹಂದಿ ಈಗ ಮತ್ತೆ ಬಸುರಿ. ಹಿಂದೊಮ್ಮೆ ಮರಿ ಹಾಕಿತ್ತು. ಆ ಕಥೆಯನ್ನು ದೊಡ್ಡಮ್ಮ ನನ್ನ ತಲೆಗೆ ಎಣ್ಣೆ ಒತ್ತುತ್ತಾ ಹೇಳಿದಳು. ಮೊದಲ ಬಸುರು ಅಂತ ಕೊನೆ ದಿನಗಳಲ್ಲಿ ಡ್ರಮ್ಮಿನದನ್ನು ನಿಲ್ಲಿಸಿ, ಮನೆಯಲ್ಲೇ ಮೆತ್ತಗೆ ಅನ್ನ ಮಾಡಿ ಹಾಕಿದ್ದಳಂತೆ. ಹೆರಿಗೆ ತುಂಬಾ ಹೊತ್ತು ಹಿಡಿಯಿತು. ಆಮೇಲೆ ಹಂದಿ ಮೇಲೇಳಲಿಲ್ಲ, ಮೈ ಸುಡುತ್ತಿತ್ತು, ಹೊಟ್ಟೆ ಕಲ್ಲಾಗಿತ್ತು. ಹಾಲು ಇಳಿಯಲೇ ಇಲ್ಲ. ಮರಿಗಳು ಬರೀ ಮೊಲೆ ಜಗ್ಗಿ ಜಗ್ಗಿ ಸುಸ್ತಾಗಿ, ಒಂದರ ಹಿಂದೆ ಒಂದು ತಣ್ಣಗಾದವು. ಹಸುವಿನ ಹಾಲು ಬಾಟಲಿಯಲ್ಲಿ ಕುಡಿಸಿ ನೋಡಿದಳು, ಒಂದೂ ಉಳಿಯಲಿಲ್ಲ.

"ಬಾಣಂತನ ಸಾಲ್ದಾಯ್ತು ಕಣೇ" ಅಂದಳು. "ಕೊನೇಲಿ ಶುರು ಮಾಡಿದ್ನಲ್ಲ, ಅದುಕ್ಕೇ. ಈ ಸಲ ಮೊದ್ಲಿಂದ್ಲೂ ಸರಿಯಾಗಿ ಮಾಡ್ತೀನಿ."

ದೊಡ್ಡಪ್ಪ ಬಾಗಿಲ ಹತ್ತಿರ ಕೂತು ಬೀಡಿ ಸೇದುತ್ತಿದ್ದರು. "ಈ ಸಲಾನೂ ಆಲು ಬರ್ಲಿಲ್ಲಾ ಅಂದ್ರೆ ಕುಯ್ಯೋಕೆ ಕಳ್ಸಿಬಿಡೋದೇ. ಆಲಿಲ್ದಿರೋ ತಾಯಿ ಅಂದೀನ ಯಾರು ಮಡಿಕ್ಕಂತಾರೆ?" ಅಂದರು. ಅವರದು ಕೆಟ್ಟ ಮನಸ್ಸೇನಲ್ಲ. ಹಂದಿ ಸಾಕುವವರೆಲ್ಲ ಹಾಗೇ ಮಾಡುವುದು. ದೊಡ್ಡಮ್ಮನ ಕೈ ನನ್ನ ತಲೆಯ ಮೇಲೆ ಹಾಗೇ ನಿಂತಿತು.

ನನಗೆ ಆವತ್ತೇ ಅನುಮಾನ ಶುರುವಾಯಿತು. ಯಾಕೆಂದರೆ ಹಂದಿಯ ಹೊಟ್ಟೆಯೇ ನನ್ನ ಹೊಟ್ಟೆಪಾಡು. ಹೆಬ್ಬಾಳದ ಕಡೆ ಮೇವು ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ನನಗೆ ಕೆಲಸ. ಅಲ್ಲಿ ನನ್ನ ಪಾಲಿಗೆ ಬಂದದ್ದು ಹಂದಿಯ ದೊಡ್ಡ ಕರುಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದನ್ನು ಯಾರಿಗೂ ಹೇಳುತ್ತಿರಲಿಲ್ಲ. ಹಂದಿಯ ಮಲವನ್ನು ಬಿಸಿ ಆರದಂತೆ ಫ್ಲಾಸ್ಕಿನಲ್ಲಿ ತುಂಬಿಕೊಂಡು ತಂದು, ಬಿಸಿನೀರಲ್ಲಿ ಕದಡಿ, ಸೋಸಿ, ದಪ್ಪ ಗಾಜಿನ ಸಿರಿಂಜುಗಳಲ್ಲಿ ತುಂಬುತ್ತೇನೆ ಅಂತ ಯಾವ ನೆಂಟರ ಮುಂದೆ ಹೇಳುವುದು? ಒಂದೊಂದು ಸಿರಿಂಜಿಗೂ ಒಂದೊಂದು ಬಗೆಯ ನಾರು ಹಾಕಿ, ಹಂದಿಯ ಮೈಯಷ್ಟೇ ಬೆಚ್ಚಗಿರುವ ನೀರಲ್ಲಿ ಇಡುತ್ತೇವೆ. ಆ ಮಲದಲ್ಲಿರುವ ಬ್ಯಾಕ್ಟೀರಿಯಾಗಳು ನಾರನ್ನು ತಿನ್ನತೊಡಗಿದರೆ ಗ್ಯಾಸು ಹುಟ್ಟಿ, ಸಿರಿಂಜಿನ ಹಿಡಿಯನ್ನು ಹೊರಕ್ಕೆ ತಳ್ಳುತ್ತದೆ. ಯಾರೂ ಮುಟ್ಟದೆ ಆ ಹಿಡಿ ತಾನಾಗಿ ಜರುಗುವುದನ್ನು ಮೊದಲ ಸಲ ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು. ಈಗಲೂ ಬೇಜಾರು ಬಂದಿಲ್ಲ.

ಎಲ್ಲ ನಾರೂ ಒಂದೇ ಅಲ್ಲ ಅನ್ನುವುದು ಅಲ್ಲಿ ಕಣ್ಣಿಗೇ ಕಾಣುತ್ತದೆ. ಭತ್ತದ ಹೊಟ್ಟು ಹಾಕಿದ ಸಿರಿಂಜು ಸತ್ತಂತೆ ಬಿದ್ದಿರುತ್ತದೆ. ಗೋಧಿ ಬೂಸಾ ನಿಧಾನಕ್ಕೆ ಒಂಚೂರು ತಳ್ಳಿ ಸುಮ್ಮನಾಗುತ್ತದೆ, ಆದರೆ ನೀರು ಹೀರಿ ಉಬ್ಬಿ ಕೂತಿರುತ್ತದೆ. ಕಾಳಿನ ಸಿಪ್ಪೆ, ಗೆಣಸಿನ ನಾರು, ಕುಂಬಳಕಾಯಿಯ ತಿರುಳು ಇವೆಲ್ಲ ದೋಸೆ ಹಿಟ್ಟಿನ ಹಾಗೆ ಉಕ್ಕುತ್ತವೆ. ಗ್ಯಾಸಿನ ಜೊತೆ ಒಂದು ಬಗೆಯ ಹುಳಿಯೂ ಹುಟ್ಟುತ್ತದೆ, ಅದೇ ಮುಖ್ಯ. ಕರುಳಿನ ಗೋಡೆ ಆ ಹುಳಿಯನ್ನು ಉಂಡು ಗಟ್ಟಿಯಾಗಿರುತ್ತದೆ. ಮಿಕ್ಕದ್ದು ರಕ್ತಕ್ಕೆ ಸೇರಿ, ಊಟವಾಗಿ ಎಷ್ಟೋ ಹೊತ್ತಾದ ಮೇಲೂ ಹಂದಿಗೆ ಕಸುವು ಕೊಡುತ್ತಿರುತ್ತದೆ. ಅತಿಯಾಗಿ ನಾರು ಹಾಕಿದರೆ ಬೇರೆ ಆಹಾರವೂ ಸರಿಯಾಗಿ ದಕ್ಕುವುದಿಲ್ಲ, ಮರಿಗಳಿಗಂತೂ ಆಗುವುದೇ ಇಲ್ಲ. ಆದರೆ ಬೆಳೆದ ತಾಯಿ ಹಂದಿಯ ದೊಡ್ಡ ಕರುಳು ಅಂದರೆ ಅದೊಂದು ಕಾರ್ಖಾನೆಯೇ. ದೊಡ್ಡಮ್ಮ ಆ ಕಾರ್ಖಾನೆಗೆ ಬೀಗ ಜಡಿದಿದ್ದಳು.

ಬಾಣಂತಿ ಗಾಳಿಗೆ ಹೋಗಬಾರದಲ್ಲ. ಆದರೂ ಒಂದು ಮಧ್ಯಾಹ್ನ ದೊಡ್ಡಮ್ಮ ಬಟ್ಟೆ ಒಗೆಯುತ್ತಿದ್ದಾಗ, ಮಲಗಿದ್ದ ಮಗುವನ್ನು ದೊಡ್ಡಪ್ಪನ ವಶಕ್ಕೆ ಬಿಟ್ಟು, ಸ್ಕಾರ್ಫು ಸಮೇತ ಶೆಡ್ಡಿಗೆ ಹೋದೆ. ಹಂದಿ ಗೋಡೆಗೆ ಒರಗಿ ಕೂತಿತ್ತು. ಹಂದಿ ನಾಯಿಯ ಹಾಗೆ ಕೂರುವುದು ಒಳ್ಳೆಯ ಲಕ್ಷಣವಲ್ಲ. ಮೂಲೆಯಲ್ಲಿ ಅದರ ಮಲ ಮೇಕೆ ಹಿಕ್ಕೆಯ ಹಾಗೆ ಉಂಡೆ ಉಂಡೆಯಾಗಿ ಒಣಗಿ ಬಿದ್ದಿತ್ತು. ಚಪ್ಪಲಿಯಲ್ಲಿ ತುಳಿದರೆ ಕಟ್ ಅಂತ ಒಡೆಯಿತು. ನೀರಿನ ತೊಟ್ಟಿಯಲ್ಲಿ ತಳಕ್ಕೆ ಅಂಟಿದಷ್ಟು ನೀರು. ಬಾಣಂತನವಲ್ಲವೇ, ಜಾಸ್ತಿ ಕುಡಿಯಬಾರದು!

ನಿಜ ಹೇಳಬೇಕು ಅಂದರೆ ನನಗೆ ಹಂದಿಯ ಮೇಲೆ ಬಂದ ಕನಿಕರದಲ್ಲಿ ಅರ್ಧ ನನ್ನ ಮೇಲೆಯೇ ಬಂದ ಕನಿಕರ. ನನಗೂ ಅದೇ ಪಾಡಾಗಿತ್ತು. ಬೆಳಗ್ಗೆ ಬಾತ್‌ರೂಮಿಗೆ ಹೋಗುವುದು ಅಂದರೆ ಇನ್ನೊಂದು ಹೆರಿಗೆಗೆ ಹೋದ ಹಾಗೆ. ಹೊಲಿಗೆ ಬೇರೆ ಹಾಕಿದ್ದರು. ಆ ಸಿಟ್ಟೆಲ್ಲ ಸೇರಿ, ಸಂಜೆ ತಟ್ಟೆ ಮುಂದೆ ಕೂತವಳೇ ಬಾಯಿಬಿಟ್ಟೆ.

"ದೊಡ್ಡಮ್ಮ, ಈ ಅನ್ನದಿಂದ ನಂಗೂ ಮೋಷನ್ ಆಗ್ತಿಲ್ಲ, ನಿನ್ನ ಹಂದಿಗೂ ಆಗ್ತಿಲ್ಲ. ಇಬ್ರಿಗೂ ಸ್ವಲ್ಪ ನಾರು ಹಾಕು, ನೀರು ಕೊಡು."

"ನಾರು ತಿಂದ್ರೆ ಗ್ಯಾಸಾಯ್ತದೆ. ನಿನ್ ಗ್ಯಾಸು ಆಲಾಗಿ ಮಗೀಗೆ ಓಯ್ತದೆ."

"ನಂದು ಬಿಡು. ಹಂದಿಗೆ ಗ್ಯಾಸ್ ಆಗ್ಲಿ ಅಂತಾನೇ ನಾನು ಹೇಳ್ತಿರೋದು. ಗ್ಯಾಸ್ ಬರ್ತಿದೆ ಅಂದ್ರೆ ಒಳಗಡೆ ಕೆಲಸ ನಡೀತಿದೆ ಅಂತ."

"ಯಾರಾದ್ರೂ ಬಸುರಿಗೆ ಗ್ಯಾಸಾಗ್ಲಿ ಅಂತಾರಾ? ಓದ್ದೋಳಂತೆ!" ಅಂದಳು ದೊಡ್ಡಮ್ಮ. ಅವಳ ಮುಖ ಸಣ್ಣದಾಗಿತ್ತು. "ನಾನು ಸರಿಯಾಗಿ ನೋಡ್ಕಂಡಿಲ್ಲ ಅಂತಿದೀಯಾ?"

ಅವಳ ಅನ್ನ ತಪ್ಪು ಅಂದರೆ ಅವಳ ಬಾಣಂತನ ತಪ್ಪು. ಬಾಣಂತನ ತಪ್ಪು ಅಂದರೆ ಹೋದ ಸಲ ಆ ಮರಿಗಳು ಯಾಕೆ ಸತ್ತವು ಅನ್ನುವ ಪ್ರಶ್ನೆ ಏಳುತ್ತದೆ. ಅದನ್ನು ಬಾಯಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ. ಮಾತಿನಲ್ಲಿ ಹೇಳಲಾಗದ್ದನ್ನು ಪರೀಕ್ಷೆ ಮಾಡಿ ತೋರಿಸುವುದು ವಾಸಿ ಅಂದುಕೊಂಡೆ. ನನ್ನಂಥವರಿಗೆ ಹೊಳೆಯುವುದೇ ಅಷ್ಟು.

ಮಗಳ ನಾಮಕರಣಕ್ಕೆ ತಂದ ಬಲೂನುಗಳು ಮಿಕ್ಕಿದ್ದವು, ನೀರಿನ ಖಾಲಿ ಬಾಟಲಿಗಳೂ ಇದ್ದವು. ಅವರೆಕಾಯಿ ಕಾಲ ಅದು. ದೊಡ್ಡಮ್ಮ ಮನೆಯವರಿಗೆಲ್ಲ ಹಿತಕಿದ ಬೇಳೆ ಸಾರು ಮಾಡಿ, ನನಗೆ ಮಾತ್ರ ಅದರ ವಾಸನೆ ಕುಡಿಸುತ್ತಿದ್ದಳು. ನೆನೆಸಿ ಹಿಸುಕಿ ತೆಗೆದ ಸಿಪ್ಪೆ ಬುಟ್ಟಿಗಟ್ಟಲೆ ಪಕ್ಕದ ಮನೆಯ ಹಸುವಿಗೆ ಹೋಗುತ್ತಿತ್ತು. ಅದರಲ್ಲಿ ಒಂದು ಹಿಡಿ ಎತ್ತಿಟ್ಟುಕೊಂಡೆ. ದೊಡ್ಡಪ್ಪನಿಗೆ ಹೇಳಿ ಒಂದಿಷ್ಟು ಗೋಧಿ ಬೂಸಾ ತರಿಸಿದೆ. ಹಂದಿಯ ಮಲವನ್ನು ಅವರೇ ತಂದುಕೊಟ್ಟರು. ಯಾಕೆ ಏನು ಅಂತ ಕೇಳಲಿಲ್ಲ, ಬಾಣಂತಿಯ ಬಯಕೆ ಅಂದುಕೊಂಡರೋ ಏನೋ. ಹಂಡೆಯ ಬಿಸಿನೀರಲ್ಲಿ ಮಲವನ್ನು ಕದಡಿ, ಹಳೇ ಪಂಚೆಯಲ್ಲಿ ಸೋಸಿ, ಬಾಟಲಿಗಳಿಗೆ ತುಂಬಿದೆ. ಒಂದಕ್ಕೆ ಬೂಸಾ, ಒಂದಕ್ಕೆ ಅವರೆ ಸಿಪ್ಪೆ. ಹೋಲಿಸುವುದಕ್ಕಿರಲಿ ಅಂತ ಮತ್ತೊಂದಕ್ಕೆ ದೊಡ್ಡಮ್ಮನ ಅನ್ನ. ಬಾಯಿಗೆ ಬಲೂನು ಹಾಕಿ, ಬೆಚ್ಚನೆ ನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿ, ಶೆಡ್ಡಿನ ಬಿಸಿಲು ಬೀಳುವ ಕಡೆ ಇಟ್ಟೆ.

ದೊಡ್ಡಮ್ಮನಿಗೆ ಇದು ಗೊತ್ತಾಗದೆ ಇರುತ್ತದೆಯೇ? "ಅಯ್ಯೋ ಶಿವನೇ, ಮಗಾ ಎತ್ತಿರೋ ಕೈಯಲ್ಲಿ ಅಂದಿ ಕಕ್ಕ ಕಲಸ್ತಾವ್ಳಲ್ಲಪ್ಪಾ!" ಅಂತ ಬೊಬ್ಬೆ ಹಾಕಿ, ನನ್ನನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ, ಮತ್ತೊಂದು ಸಲ ತಲೆಗೆ ಸ್ನಾನ ಮಾಡಿಸಿದಳು. ಬೈದಿದ್ದೇ ಬೈದಿದ್ದು. ಆದರೆ ಬಕೆಟ್ಟನ್ನು ಎಸೆಯಲಿಲ್ಲ. ಮಧ್ಯಾಹ್ನ ಕಿಟಕಿಯಿಂದ ನೋಡುತ್ತೇನೆ, ಸೊಂಟದ ಮೇಲೆ ಕೈಯಿಟ್ಟುಕೊಂಡು ಬಕೆಟ್ಟಿನ ಮುಂದೆ ನಿಂತಿದ್ದಾಳೆ. ನೀರು ತಣ್ಣಗಾಗಿದೆಯಾ ಅಂತ ಬೆರಳು ಅದ್ದಿ ನೋಡಿ, ಒಳಗೆ ಬಂದು ಒಂದು ಚೆಂಬು ಬಿಸಿನೀರು ತೆಗೆದುಕೊಂಡು ಹೋದಳು. ಆಗಲೇ ನನಗೆ ಅರ್ಧ ಗೆದ್ದಷ್ಟು ಖುಷಿಯಾಯಿತು.

ಸಂಜೆ ನೋಡಿದರೆ ನನ್ನ ಲೆಕ್ಕಾಚಾರವೇ ತಲೆಕೆಳಗಾಗಿತ್ತು. ಬೂಸಾದ ಬಲೂನು ಸ್ವಲ್ಪ ತಲೆಯೆತ್ತಿತ್ತು. ಅವರೆ ಸಿಪ್ಪೆಯದು ನಿಂಬೆಹಣ್ಣಿನಷ್ಟಾಗಿತ್ತು. ಅನ್ನದ್ದು ಎಲ್ಲಕ್ಕಿಂತ ದಪ್ಪಗೆ, ದುಂಡಗೆ ಉಬ್ಬಿ ನಿಂತಿತ್ತು.

"ನೋಡ್ದಾ!" ಅಂದಳು ದೊಡ್ಡಮ್ಮ. ಹಬ್ಬದ ಕಳೆ ಬಂದಿತ್ತು ಮುಖಕ್ಕೆ. "ಗ್ಯಾಸು ಬೇಕು ಅಂದೋಳು ನೀನೇ. ಎಲ್ಲಾದ್ಕಿಂತ ನನ್ ಅನ್ನದಲ್ಲೇ ಬಂದೈತೆ. ಈಗೇನಂತೀಯಾ?"

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಬಾಟಲಿಯಲ್ಲಿ ಬ್ಯಾಕ್ಟೀರಿಯಾಗಳ ಮುಂದೆ ಮೆತ್ತನೆ ಅನ್ನ ಸುರಿದರೆ ಅವು ಬಿಡುತ್ತವೆಯೇ? ಲ್ಯಾಬಿನಲ್ಲಾದರೆ ಯಾವುದನ್ನೂ ಹಾಗೇ ಸಿರಿಂಜಿಗೆ ಹಾಕುವುದಿಲ್ಲ. ಮೊದಲು ಜೀರ್ಣರಸಗಳಲ್ಲಿ ನೆನೆಸಿ, ಹೊಟ್ಟೆಯಲ್ಲಿ ಕರಗುವುದನ್ನೆಲ್ಲ ಕರಗಿಸಿ, ಉಳಿದದ್ದನ್ನು ಮಾತ್ರ ಹಾಕುತ್ತೇವೆ. ಹಂದಿಯೊಳಗೆ ಅನ್ನ ದೊಡ್ಡ ಕರುಳನ್ನು ತಲುಪುವುದೇ ಇಲ್ಲ, ಅದಕ್ಕೂ ಮೊದಲೇ ಸಣ್ಣ ಕರುಳಿನಲ್ಲಿ ಪೂರ್ತಿ ಖಾಲಿಯಾಗಿರುತ್ತದೆ. ಆತುರದಲ್ಲಿ ನಾನು ಆ ಮೊದಲ ಹೆಜ್ಜೆಯನ್ನೇ ಮರೆತಿದ್ದೆ. ದೊಡ್ಡಪ್ಪ ಬೇರೆ ನಗುತ್ತಿದ್ದರು. ನನಗೆ ಅಳುವೇ ಬಂತು. ಬಾಣಂತಿಗೆ ಅಳು ಬರುವುದಕ್ಕೆ ದೊಡ್ಡ ಕಾರಣವೇನೂ ಬೇಕಾಗಿಲ್ಲ ಬಿಡಿ, ಆದರೆ ಇದಕ್ಕೆ ಕಾರಣವಿತ್ತು. ಹಂದಿ ಹೆರುವ ದಿನ ಹತ್ತಿರವಾಗುತ್ತಿತ್ತು.

ನಾನು ಅತ್ತದ್ದು ನೋಡಿ ದೊಡ್ಡಮ್ಮ ಮೆತ್ತಗಾದಳು. ಒಳಗೆ ಕರೆದುಕೊಂಡು ಹೋಗಿ ಕೂರಿಸಿ, "ಯೋಳು, ಅದೇನ್ ಯೋಳ್ಬೇಕೂಂತಿದ್ಯೋ ಯೋಳು" ಅಂದಳು. ಎಂಜೈಮು, ಸಣ್ಣ ಕರುಳು ಅಂತ ಶುರುಮಾಡಿದೆ. ಅವಳು ಮಗುವಿನ ಬಟ್ಟೆ ಮಡಿಸುತ್ತಾ ಹೂಂಗುಟ್ಟಿದಳು, ತಲೆಗೆ ಹೋಗುತ್ತಿಲ್ಲ ಅನ್ನುವುದು ಗೊತ್ತಾಗುತ್ತಿತ್ತು. ಕೊನೆಗೆ ಬೇರೆ ದಾರಿ ಕಾಣದೆ ಅವಳಿಗೆ ಗೊತ್ತಿರುವುದನ್ನೇ ಹಿಡಿದೆ.

"ಬೀಗರೂಟದಲ್ಲಿ ಮೊದಲನೇ ಪಂಕ್ತಿಗೆ ಯಾರು ಕೂರ್ತಾರೆ ದೊಡ್ಡಮ್ಮ?"

"ಬೀಗರು. ಊರೋರು. ಗಂಡಸ್ರು."

"ಕೊನೇ ಪಂಕ್ತಿಗೆ?"

"ಮನೆ ಎಂಗಸ್ರು. ಬಡಿಸಿ ಸುಸ್ತಾದೋರು."

"ಹಂದಿ ಹೊಟ್ಟೇಲೂ ಹಂಗೇನೆ. ಮೇಲುಗಡೆ ಕರುಳು ಮೊದಲನೇ ಪಂಕ್ತಿ. ಅನ್ನ, ಎಣ್ಣೆ, ಮಾಂಸ, ರುಚಿಯಾಗಿರೋದೆಲ್ಲ ಅವರೇ ಮುಗಿಸಿಬಿಡ್ತಾರೆ. ಕೆಳಗಡೆ ದೊಡ್ಡ ಕರುಳಲ್ಲಿ ಕಣ್ಣಿಗೆ ಕಾಣದ ಜೀವಗಳು ಕೋಟಿಗಟ್ಟಲೆ ಎಲೆ ಹಾಕ್ಕೊಂಡು ಕಾಯ್ತಾ ಕೂತಿರ್ತವೆ. ಮೇಲಿನೋರು ತಿನ್ನೋಕಾಗದೆ ಬಿಟ್ಟಿದ್ದೇ ಅವಕ್ಕೆ ಊಟ. ಸಿಪ್ಪೆ, ಬೂಸಾ, ನಾರು. ಬಾಟಲೀಲಿ ನಾನು ಅವನ್ನ ಮೊದಲನೇ ಪಂಕ್ತೀಲಿ ಕೂರಿಸಿಬಿಟ್ಟೆ, ಅದಕ್ಕೇ ನಿನ್ನ ಅನ್ನಾನ ಗಬಗಬ ತಿಂದ್ವು. ಹಂದಿಯೊಳಗೆ ಅವಕ್ಕೆ ಅನ್ನ ಸಿಗಲ್ಲ. ನೀನು ಬರೀ ಅನ್ನ ಹಾಕಿದ್ರೆ ಅವಕ್ಕೆ ಖಾಲಿ ಎಲೆ."

ದೊಡ್ಡಮ್ಮನ ಕೈ ನಿಂತಿತು. "ಖಾಲಿ ಎಲೆ ಬಂದ್ರೆ ಏನ್ಮಾಡ್ತವೆ?"

"ಹಸಿವು ತಡೀದೆ ಕರುಳಿನ ಗೋಡೆ ಮೇಲಿನ ಲೋಳೇನೇ ಕೆರೆದು ತಿಂತವೆ. ಅವು ಸೊರಗಿದ್ರೆ ಅಲ್ಲಿರೋದು ಮುಂದಕ್ಕೆ ಹೋಗಲ್ಲ, ನೀರೆಲ್ಲ ಇಂಗಿ ಕಲ್ಲಾಗುತ್ತೆ. ಆ ಕಲ್ಲಿನ ವಿಷ ಮೈಗೆ ಏರುತ್ತೆ. ಜ್ವರ ಬರುತ್ತೆ."

ಹಾಲು ನಿಲ್ಲುತ್ತೆ ಅನ್ನುವುದನ್ನು ನಾನು ಹೇಳಲಿಲ್ಲ. ಅವಳು ಮಡಿಸಿದ ಬಟ್ಟೆಯನ್ನೇ ಮತ್ತೆ ಬಿಚ್ಚಿ ಮಡಿಸಿದಳು.

"ಮದ್ವೆಯಾಗಿ ಈ ಮನೆಗೆ ಬಂದಾಗಿಂದ ಕೊನೇ ಪಂಕ್ತೀಲಿ ಕುಂತೋಳು ನಾನು ಕಣೇ" ಅಂದಳು ಆಮೇಲೆ. "ಬರೀ ಸಾರಲ್ಲಿ ಮುದ್ದೆ ನುಂಗಿ ಎದ್ದಿದೀನಿ. ಎಲೆ ಮುಂದೆ ಕುಂತು, ಪಾತ್ರೆ ತಳ ಕೆರೆಯೋ ಸದ್ದು ಕೇಳಿಸ್ತದಲ್ಲ, ಅದು ಎಂಗಿರ್ತದೆ ಅಂತ ನಂಗೊತ್ತು." ಎದ್ದು ನಿಂತು ಸೆರಗು ಸಿಕ್ಕಿಸಿಕೊಂಡಳು. "ಎಷ್ಟು ಹಾಕ್ಬೇಕು ಅವುಕ್ಕೆ?"

ಅಷ್ಟೇ. ಆ ಪಂಕ್ತಿಯ ಮಾತನ್ನು ನಾನು ಸುಮ್ಮನೆ ಬಾಯಿಗೆ ಬಂದ ಉದಾಹರಣೆ ಅಂತ ಹೇಳಿದ್ದೆ. ಅವಳಿಗೆ ಅದು ಉದಾಹರಣೆಯಾಗಿರಲಿಲ್ಲ. ನಮ್ಮ ಮನೆಯ ಯಾವ ಬೀಗರೂಟದಲ್ಲೂ ಅವಳು ಯಾವಾಗ ಉಂಡಳು, ಏನು ಉಂಡಳು ಅಂತ ನಾನು ತಿರುಗಿಯೂ ನೋಡಿದವಳಲ್ಲ ಅನ್ನುವುದು ಆಗ ತಟ್ಟಿತು, ನಾಚಿಕೆಯಾಯಿತು.

ಮಾರನೇ ದಿನದಿಂದ ಅವಳನ್ನು ಹಿಡಿಯುವುದೇ ಕಷ್ಟವಾಯಿತು. ಒಂದೇ ಸಲಕ್ಕೆ ಬುಟ್ಟಿ ತುಂಬಾ ಸಿಪ್ಪೆ ಸುರಿಯಲು ಹೊರಟವಳನ್ನು ಕೈ ಹಿಡಿದು ನಿಲ್ಲಿಸಿದೆ. ಉಪವಾಸ ಇದ್ದವರಿಗೆ ಒಮ್ಮೆಲೇ ಹೊಟ್ಟೆ ಬಿರಿಯೆ ಬಡಿಸಬಾರದು, ಆ ಜೀವಗಳು ಹೆಚ್ಚಿಕೊಳ್ಳಲು ಸಮಯ ಬೇಕು ಅಂದೆ. ಅದೂ ಅವಳಿಗೆ ಸರಿಯೆನಿಸಿತು. ಮೊದಲು ಅನ್ನದ ಜೊತೆ ಒಂದು ಹಿಡಿ ಬೂಸಾ ನೆನೆಸಿ ಹಾಕಿದಳು. ಆಮೇಲೆ ಅನ್ನ ಕಡಿಮೆಯಾಗುತ್ತಾ ಬೂಸಾ ಜಾಸ್ತಿಯಾಯಿತು, ಬೇಯಿಸಿದ ಅವರೆ ಸಿಪ್ಪೆ ಸೇರಿತು, ಕುಂಬಳಕಾಯಿ ಬಂತು. ದೊಡ್ಡಪ್ಪ ಹಿಂಡಿಯನ್ನೂ ಬೆರೆಸಿದರು. ಮೆಣಸು ಮಾತ್ರ ಬಿಡಲಿಲ್ಲ. ಇರಲಿ ಅಂತ ನಾನೂ ಬಿಟ್ಟೆ. ತೊಟ್ಟಿಯ ತುಂಬಾ ನೀರು ಇಟ್ಟಾಗ ಹಂದಿ ಮೂತಿ ಮುಳುಗಿಸಿ ಕುಡಿದ ಪರಿ ನೋಡಿ ದೊಡ್ಡಮ್ಮ, "ಇಷ್ಟು ಬಾಯಾರಿತ್ತಾ ಇದುಕ್ಕೆ?" ಅಂತ ದನಿ ಇಳಿಸಿ ಕೇಳಿದಳು.

ಬೆಳಗ್ಗೆ ಎದ್ದ ತಕ್ಷಣ ಶೆಡ್ಡಿಗೆ ಹೋಗಿ ಬಂದು ನನಗೆ ವರದಿ ಒಪ್ಪಿಸುವುದು ಅವಳ ಹೊಸ ಕೆಲಸವಾಯಿತು. ನಾನು ಮಗುವಿಗೆ ಹಾಲು ಕೊಡುತ್ತಾ ಕೂತಿದ್ದರೆ ಬಾಗಿಲಲ್ಲೇ ನಿಂತು, "ಇವತ್ತು ಬಿರುಕು ಬಿಟ್ಟಿತ್ತು", "ಇವತ್ತು ಸೌತೇಕಾಯಿ ಅಂಗೆ ಮಾಡೈತೆ" ಅಂತ ಹೇಳುವಳು. ಭಾನುವಾರ ನನ್ನ ಗಂಡ ಬಂದಾಗ ಕಾಫಿ ಲೋಟ ಕೈಗೆ ಕೊಡುತ್ತಲೇ ಅವನಿಗೂ ಅದೇ ವರದಿ. ಲ್ಯಾಬಿನಲ್ಲಿ ಇಷ್ಟು ಆಸಕ್ತಿಯಿಂದ ಮಲ ನೋಡುವವರನ್ನು ನಾನು ಕಂಡಿಲ್ಲ. ಪ್ರಶ್ನೆಗಳಂತೂ ಮುಗಿಯುತ್ತಿರಲಿಲ್ಲ. ಆ ಜೀವಗಳು ಮೊದಲು ಹಂದಿಯೊಳಗೆ ಹೇಗೆ ಬಂದವು? ಮರಿಗೆ ಯಾರು ಕೊಡುತ್ತಾರೆ? ನಮ್ಮೊಳಗೂ ಇವೆಯಾ? ಇವೆ ಅಂದೆ, ಆದರೆ ಹಂದಿಯಷ್ಟು ನಾರನ್ನು ಅರಗಿಸುವ ಶಕ್ತಿ ನಮ್ಮವಕ್ಕಿಲ್ಲ ಅಂದೆ. ಆವತ್ತು ಮಧ್ಯಾಹ್ನ ನನ್ನ ತಟ್ಟೆಯ ಪಕ್ಕದಲ್ಲಿ ಮಾತಿಲ್ಲದೆ ಒಂದು ಬಟ್ಟಲು ಸಬ್ಬಸಿಗೆ ಸೊಪ್ಪಿನ ಪಲ್ಯ ಬಂತು. ನಾನೂ ಮಾತಿಲ್ಲದೆ ತಿಂದೆ.

ಹಂದಿ ಮರಿ ಹಾಕಿದ್ದು ಒಂದು ಬೆಳಗ್ಗೆ, ಬಿಸಿಲು ಏರುವ ಹೊತ್ತಿಗೆ. ದೊಡ್ಡಮ್ಮ ತಿಂಡಿಯನ್ನೂ ಮಾಡದೆ ಶೆಡ್ಡಿನಲ್ಲೇ ಕೂತಿದ್ದಳು. ನನಗೆ ತಡೆಯಲಾಗಲಿಲ್ಲ. ಮಗುವಿಗೆ ಹಾಲು ಕುಡಿಸಿ ಮಲಗಿಸಿ ನಾನೂ ಹೋದೆ. ಗಾಳಿಗೆ ಬಂದೆ ಅಂತ ಅವಳು ಬೈಯಲೂ ಇಲ್ಲ. ಮರಿಗಳು ಸಲೀಸಾಗಿ ಬಂದವು. ಬಂದ ಮರಿಯನ್ನು ಒರೆಸಿ ತಾಯಿಯ ಹೊಟ್ಟೆಯ ಹತ್ತಿರ ಬಿಡುತ್ತಿದ್ದಳು, ಆದರೆ ಮುಖದಲ್ಲಿ ನಗುವಿರಲಿಲ್ಲ. ಹೋದ ಸಲವೂ ಮರಿಗಳು ಜೀವಂತವಾಗಿಯೇ ಹುಟ್ಟಿದ್ದವು. ಕಷ್ಟ ಶುರುವಾಗಿದ್ದು ಆಮೇಲೆ. ಅವಳು ಆಗಾಗ ಹಂದಿಯ ಕಿವಿ ಮುಟ್ಟಿ ನೋಡುತ್ತಿದ್ದಳು, ಕೆಚ್ಚಲು ಮುಟ್ಟಿ ನೋಡುತ್ತಿದ್ದಳು. ದೊಡ್ಡಪ್ಪ ಗೇಟಿನ ಹತ್ತಿರ ಬಂದು ನಿಂತಿದ್ದರು.

ಆಮೇಲೆ ಹಂದಿ ಗುಟುರು ಹಾಕಲು ಶುರುಮಾಡಿತು. ಹಾಲು ಬಿಡುವ ತಾಯಿ ಹಂದಿ ಮರಿಗಳನ್ನು ಕರೆಯುವ ಸದ್ದು ಅದು. ಮೊದಮೊದಲು ನಿಧಾನಕ್ಕೆ, ತಾಳ ಹಿಡಿದ ಹಾಗೆ, ಗುರ್... ಗುರ್... ಅಂತ. ಮರಿಗಳು ಒಂದನ್ನೊಂದು ತಳ್ಳಿಕೊಂಡು ಮೊಲೆ ಹಿಡಿದವು. ಸದ್ದು ಜೋರಾಯಿತು, ಒಂದೇ ಸಮನೆ ಆಯಿತು. ಮರಿಗಳು ತಳ್ಳಾಟ ನಿಲ್ಲಿಸಿ ಸಾಲಾಗಿ ಅಲುಗದೆ ನಿಂತವು. ಕಿವಿ ಹಿಂದಕ್ಕೆ ಮಡಚಿ, ಗಂಟಲು ಮಾತ್ರ ಆಡಿಸುತ್ತಾ ಗುಟುಕು ಗುಟುಕಾಗಿ ನುಂಗುವುದು ಕಾಣಿಸಿತು. ಒಂದು ಮರಿಯ ಬಾಯಿ ಅಂಚಿಂದ ಬೆಳ್ಳಗೆ ಸುರಿಯಿತು.

"ಬಂತು" ಅಂದರು ದೊಡ್ಡಪ್ಪ. ಹಾಗೇ ಆಟೋ ಕಡೆ ಹೋದರು. ಕಳಿಸುವ ಮಾತು ಅಲ್ಲಿಗೆ ಮುಗಿದಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ ನನ್ನ ಎದೆಯಲ್ಲೂ ಹಾಲು ಇಳಿದು ನೈಟಿ ಒದ್ದೆಯಾಯಿತು.

ದೊಡ್ಡಮ್ಮ ಮಾತ್ರ ನೆಲದ ಮೇಲೆ ಕೂತೇ ಇದ್ದಳು. ಆ ಮರಿಗಳ ಸಾಲನ್ನೇ ನೋಡುತ್ತಿದ್ದಳು.

"ಅಂಗಾದ್ರೆ ಓದ್ಸಲ ಅವ್ವೆಲ್ಲಾ ಓಗಿದ್ದು ನನ್ ಅನ್ನದಿಂದ್ಲಾ?" ಅಂತ ಕೇಳಿದಳು.

ಈ ಪ್ರಶ್ನೆ ಬರುತ್ತದೆ ಅಂತ ನನಗೆ ಗೊತ್ತಿತ್ತು, ಉತ್ತರವನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೆ. "ಹಂಗೆಲ್ಲ ಹೇಳೋಕಾಗಲ್ಲ ದೊಡ್ಡಮ್ಮ. ಒಂದೇ ಹಂದಿ. ಹೋಲಿಸಿ ನೋಡೋಕೆ ಇನ್ನೊಂದಿಲ್ಲ. ಜ್ವರಕ್ಕೆ ನೂರು ಕಾರಣ ಇರುತ್ತೆ. ಲ್ಯಾಬಲ್ಲಾದ್ರೂ ಇಷ್ಟರ ಮೇಲೆ ಯಾರೂ ಹೌದು ಅನ್ನಲ್ಲ." ಅದರಲ್ಲಿ ಒಂದು ಮಾತೂ ಸುಳ್ಳಲ್ಲ.

ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು. "ನಾನು ಲ್ಯಾಬ್‌ನ ಕೇಳ್ತಿಲ್ಲ. ನಿನ್ನ ಕೇಳ್ತಿದೀನಿ. ನಿನ್ ಮನ್ಸಲ್ಲಿ ಏನೈತೆ ಅದನ್ನ ಯೋಳು."

ಎಷ್ಟೋ ಪರೀಕ್ಷೆಗಳ ಫಲಿತಾಂಶ ಬರೆದಿದ್ದೇನೆ. ಒಂದನ್ನೂ ಯಾರ ಕಣ್ಣು ನೋಡಿಕೊಂಡು ಹೇಳಬೇಕಾಗಿ ಬಂದಿರಲಿಲ್ಲ.

"ಹೌದು ದೊಡ್ಡಮ್ಮ" ಅಂದೆ. "ಅದರಿಂದಲೇ ಅನ್ಸುತ್ತೆ."

ಅವಳು ತಲೆಯಾಡಿಸಿದಳು. ಅಳಲಿಲ್ಲ, ನನ್ನ ಮೇಲೆ ರೇಗಲಿಲ್ಲ. ಸಾಲಿನ ಕೊನೆಯಲ್ಲಿ ಜಾರಿಬಿದ್ದ ಒಂದು ಮರಿಯನ್ನು ಎತ್ತಿ ಮತ್ತೆ ಮೊಲೆಗೆ ಹಿಡಿಸಿದಳು. ಅದು ಬಾಯಲ್ಲಿ ಹಿಡಿಯುವವರೆಗೂ ಕೈ ತೆಗೆಯಲಿಲ್ಲ. ಆಮೇಲೆ ಹಂದಿಯ ಬೆನ್ನ ಮೇಲೆ ಅಂಗೈ ಇಟ್ಟು, ನನಗಲ್ಲ, ಅದಕ್ಕೆ ಹೇಳಿದಳು: "ಪ್ರೀತಿ ಜಾಸ್ತಿಯಾಗಿ ಮಾಡ್ಬಿಟ್ಟೆ ಕಣವ್ವಾ."

ಮನೆಯೊಳಗಿಂದ ನನ್ನ ಮಗಳು ಅಳುವುದು ಕೇಳಿಸಿತು. ನಾನು ಏಳಲಿಲ್ಲ. "ಓಗು, ಮಗೀಗೆ ಆಲು ಕೊಡು" ಅಂದಳು ದೊಡ್ಡಮ್ಮ, ತಿರುಗಿ ನೋಡದೆ. "ನಾನು ಇಲ್ಲೇ ಇದ್ದು, ಒಸಿ ಒತ್ತು ಇವುನ್ನ ನೋಡ್ತೀನಿ."